ಐದಕ್ಕೆ ಪಟ್ಟ, ಹದಿನಾರಕ್ಕೆ ಅಧಿಕಾರ: ನಮ್ಮೂರಿಗೆ ಹೆಸರಿಟ್ಟ ಹುಡುಗ

ಚಾಮರಾಜನಗರದ ಜನನ ಮಂಟಪ ನೋಡಿದವರಿಗೆ ಗೊತ್ತು, ಅದು ಖಾಸಾ ಚಾಮರಾಜ ಒಡೆಯರು ಹುಟ್ಟಿದ ಜಾಗ. ಆಗ ಊರಿನ ಹೆಸರು ಅರಿಕುಠಾರ. 1818ರಲ್ಲಿ ಅದಕ್ಕೆ ಚಾಮರಾಜನಗರ ಎಂದು ಹೆಸರಿಟ್ಟವರು ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು. 1796ರಲ್ಲಿ ಅಪ್ಪ ತೀರಿಕೊಂಡಾಗ ಮಗನಿಗೆ ಎರಡು ವರ್ಷದ ಆಸುಪಾಸು. ಮುಖವೂ ನೆನಪಿರಲಾರದ ಅಪ್ಪನ ಹೆಸರನ್ನು ಆತ ಊರಿಗೆ ಇಟ್ಟ.

ಮಕ್ಕಳನ್ನು ಬೆಳೆಸುವುದಕ್ಕೆ ಹಿರಿಯರು ಒಂದು ಲೆಕ್ಕ ಹೇಳುತ್ತಿದ್ದರು. ಐದು ವರ್ಷದವರೆಗೆ ಮುದ್ದು, ಆಮೇಲೆ ಹತ್ತು ವರ್ಷ ಶಿಸ್ತು, ಹದಿನಾರಾದರೆ ಸ್ನೇಹಿತ. ಮುದ್ದು ಎಲ್ಲರಿಗೂ ಬರುತ್ತದೆ. ಶಿಸ್ತಿಗೂ ಕೊರತೆಯಿರಲಿಲ್ಲ, ಕೂಲಿಮಠದ ಅಯ್ಯನೋರು ಹುಡುಗರನ್ನು ಕೋದಂಡಕ್ಕೆ ಏರಿಸುತ್ತಿದ್ದ ಕಾಲ ಅದು. ಕಷ್ಟವಾಗಿದ್ದು ಮೂರನೆಯ ಮೆಟ್ಟಿಲು. ಅರಮನೆಯಲ್ಲೂ ಎಡವಿದ್ದು ಅಲ್ಲೇ.

1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಯವರು ಈ ಹುಡುಗನಿಗೆ ಪಟ್ಟ ಕಟ್ಟಿದರು. ಆಗ ಅವನಿಗೆ ಐದು ವರ್ಷವೂ ತುಂಬಿರಲಿಲ್ಲ. ಸಾಕಿದವರು ಅಜ್ಜಿ ಲಕ್ಷ್ಮಮ್ಮಣ್ಣಿ. ರಾಜ್ಯ ನಡೆಸಿದವರು ದಿವಾನ್ ಪೂರ್ಣಯ್ಯ, 1807ರಲ್ಲಿ ಯಳಂದೂರು ಜಹಗೀರು ಪಡೆದವರು. ಪೂರ್ಣಯ್ಯ ಗಟ್ಟಿಗರು. ಕೆರೆಕಟ್ಟೆ ಸರಿಮಾಡಿಸಿದರು, ಖಜಾನೆ ತುಂಬಿಸಿದರು. ಆದರೆ ಬೀಗದ ಕೈ ಪೂರ್ತಿ ಅವರ ಹತ್ತಿರವೇ ಇತ್ತು. ಹುಡುಗ ದೊಡ್ಡವನಾಗಿ ಅಧಿಕಾರ ಕೇಳಿದಾಗ ಹಿರಿಯರಿಗೆ ಬಿಡಲು ಮನಸ್ಸಾಗಲಿಲ್ಲ. ಕಡೆಗೆ ಕಂಪನಿಯ ರೆಸಿಡೆಂಟ್ ನಡುವೆ ಬರಬೇಕಾಯಿತು. ನಿನ್ನೆಯವರೆಗೆ ಏನೂ ಇಲ್ಲದವನ ಕೈಗೆ ಹದಿನಾರರ ಹೊತ್ತಿಗೆ ಒಮ್ಮೆಗೇ ಎಲ್ಲವೂ ಬಂತು. ಪೂರ್ಣಯ್ಯ 1812ರಲ್ಲಿ ತೀರಿಕೊಂಡರು.

ಕೂಡಿಟ್ಟ ಹಣ ಕರಗಿತು. 1831ರಲ್ಲಿ ಆಡಳಿತ ಸರಿಯಿಲ್ಲವೆಂದು ಕಂಪನಿ ರಾಜ್ಯವನ್ನೇ ವಹಿಸಿಕೊಂಡಿತು. ಬೆಳೆಸಿದ ರೀತಿಯೊಂದೇ ಇದಕ್ಕೆ ಕಾರಣವಲ್ಲ. ಕಂಪನಿಗೆ ವರ್ಷವರ್ಷ ಕಟ್ಟಬೇಕಿದ್ದ ಭಾರಿ ಹಣವಿತ್ತು, ಕಂದಾಯದ ಹೊರೆಯಿತ್ತು, ನಗರದ ರೈತರ ದಂಗೆಯೂ ಇತ್ತು. ಆದರೆ ಸಣ್ಣ ಲೆಕ್ಕ ನೋಡಿ ಕಲಿಯುವ ಅವಕಾಶವೇ ಸಿಗದವನ ಮೇಲೆ ಇಷ್ಟೂ ಭಾರ ಬಿದ್ದಿತ್ತು.

ಅದೇ ಮನೆಯಲ್ಲಿ ಎರಡನೆಯ ಸಲ ಬೇರೆ ರೀತಿ ನಡೆಯಿತು. ಮುಮ್ಮಡಿಯವರು 1865ರಲ್ಲಿ ದತ್ತು ತೆಗೆದುಕೊಂಡ ಚಾಮರಾಜೇಂದ್ರನಿಗೆ 1868ರಲ್ಲಿ ಪಟ್ಟವಾಯಿತು. ಅವನಿಗೂ ಐದೇ ವರ್ಷ. ಈ ಸಲ ಹುಡುಗನನ್ನು ಓರಗೆಯ ಮಕ್ಕಳ ಜೊತೆ ಶಾಲೆಗೆ ಕೂರಿಸಿದರು. ಓದು, ಸವಾರಿ, ಆಟ, ಆಮೇಲೆ ಆಡಳಿತದ ಪಾಠ. 1881ರಲ್ಲಿ ಹದಿನೆಂಟಕ್ಕೆ ರಾಜ್ಯ ಕೈಗೆ ಬಂದಾಗ ಪಕ್ಕದಲ್ಲಿ ದಿವಾನ್ ರಂಗಾಚಾರ್ಲು ಇದ್ದರು. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು.

ಹಿರಿಯರ ಆ ಲೆಕ್ಕ ಗಂಡುಮಕ್ಕಳದ್ದು ಮಾತ್ರ. 1894ರಲ್ಲಿ ಮೈಸೂರು ಸರ್ಕಾರ ಬಾಲ್ಯವಿವಾಹ ತಡೆಯಲು ಕಾನೂನು ತಂದಾಗ ಹೆಣ್ಣಿಗೆ ಇಟ್ಟ ಮಿತಿ ಎಂಟು ವರ್ಷ. ಹದಿನಾರರ ಹೊತ್ತಿಗೆ ಎಷ್ಟೋ ಹೆಣ್ಣುಮಕ್ಕಳು ಸೊಸೆಯರಾಗಿರುತ್ತಿದ್ದರು, ಅಪ್ಪ ಅಮ್ಮನಿಗೆ ಸ್ನೇಹಿತೆಯಾಗುವ ಮಾತೆಲ್ಲಿ? ಈಗ ಮಿತಿ ಹದಿನೆಂಟು. ಶಾಲೆಯಲ್ಲಿ ಹೊಡೆಯುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಆದರೂ ಹದಿನಾರರ ಮಗಳಿಗೆ ಗುಟ್ಟಾಗಿ ಮದುವೆ ಮಾಡಹೊರಟ ಸುದ್ದಿ ನಮ್ಮ ಕಡೆ ನಿಂತಿಲ್ಲ. ಅಂಥದ್ದು ಕಂಡರೆ 1098ಕ್ಕೆ ಫೋನ್ ಮಾಡಬಹುದು.

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಬೀಗದ ಕೈ ಒಮ್ಮೆಗೇ ಕೊಡಬೇಕಿಲ್ಲ, ಬಚ್ಚಿಡಲೂ ಬೇಕಿಲ್ಲ. ಈ ತಿಂಗಳು ಡೇರಿ ಹಾಲಿನ ಲೆಕ್ಕ ಮಗಳು ನೋಡಲಿ. ಗುಂಡ್ಲುಪೇಟೆಗೆ ಅರಿಶಿನ ಮಾರಲು ಹೋಗುವಾಗ ಮಗ ಬಂದು ತೂಕ, ದರ ವಿಚಾರಿಸಲಿ. ತಪ್ಪಿದರೆ ನೂರಿನ್ನೂರು ರೂಪಾಯಿ ಹೋದೀತು, ಅಷ್ಟೇ. ಈಗಲಾದರೆ ತಿದ್ದಲು ಪಕ್ಕದಲ್ಲಿ ನಾವಿರುತ್ತೇವೆ.