ಪ್ರತಿಭಾನ್ವಿತ ಮಕ್ಕಳ ಶಿಕ್ಷಕರು: ತಡವಾಗಿ ಬಂದ ಮಾನದಂಡಗಳು

1959ರಲ್ಲಿ ಪೆಗ್ನಾಟೋ ಮತ್ತು ಬರ್ಚ್ ಎಂಬ ಸಂಶೋಧಕರು ಅಮೆರಿಕದ ಪಿಟ್ಸ್‌ಬರ್ಗಿನ ಒಂದು ಜೂನಿಯರ್ ಹೈಸ್ಕೂಲಿನ ಲೆಕ್ಕ ಪ್ರಕಟಿಸಿದರು. ಬುದ್ಧಿಪರೀಕ್ಷೆಯ ಪ್ರಕಾರ ಅಲ್ಲಿ 91 ಪ್ರತಿಭಾನ್ವಿತ ಮಕ್ಕಳಿದ್ದರು. ಶಿಕ್ಷಕರನ್ನು ಕೇಳಿದರೆ ಅವರು 154 ಮಕ್ಕಳ ಹೆಸರು ಕೊಟ್ಟರು. ಆ 91ರಲ್ಲಿ ಸೇರಿದವರು ಈ ಪಟ್ಟಿಯಲ್ಲಿ 41 ಮಂದಿ ಮಾತ್ರ. ದಿನಾ ಕಣ್ಣೆದುರೇ ಕೂತಿದ್ದ ಅರ್ಧಕ್ಕೂ ಹೆಚ್ಚು ಮಕ್ಕಳು ಮೇಷ್ಟರ ಗಮನಕ್ಕೆ ಬಂದಿರಲಿಲ್ಲ. ಶಿಕ್ಷಕರ ಅಂದಾಜನ್ನು ನಂಬಬಾರದು ಎಂಬ ಮಾತು ಈ ಅಧ್ಯಯನದ ಬಲದಿಂದ ದಶಕಗಳ ಕಾಲ ಚಾಲ್ತಿಯಲ್ಲಿತ್ತು. 1994ರಲ್ಲಿ ಕೆನಡಾದ ಫ್ರಾಂಸ್ವಾ ಗಾನ್ಯೇ ಅವೇ ಅಂಕಿಗಳನ್ನು ಮತ್ತೆ ಪರಿಶೀಲಿಸಿ, ಆ ತೀರ್ಪನ್ನು ಪ್ರಶ್ನಿಸಿದರು. ಅದಕ್ಕೂ ಮುಖ್ಯವಾದ ಉತ್ತರ 1978ರಲ್ಲೇ ಸಿಕ್ಕಿತ್ತು. ಗಿಯರ್ ಅವರ ಅಧ್ಯಯನದಲ್ಲಿ, ಕೆಲವೇ ಅವಧಿಗಳ ತರಬೇತಿ ಪಡೆದ ಶಿಕ್ಷಕರು ತರಬೇತಿ ಇಲ್ಲದವರಿಗಿಂತ ಎರಡರಷ್ಟು ಪರಿಣಾಮಕಾರಿಯಾಗಿ ಇಂಥ ಮಕ್ಕಳನ್ನು ಗುರುತಿಸಿದ್ದರು. ಕೊರತೆ ಇದ್ದದ್ದು ಶಿಕ್ಷಕರ ಕಣ್ಣಿನಲ್ಲಿ ಎನ್ನುವುದಕ್ಕಿಂತ ಅವರ ತಯಾರಿಯಲ್ಲಿ.

ಪ್ರತಿಭಾನ್ವಿತರ ಶಿಕ್ಷಣ ಎಂಬ ಈ ಕ್ಷೇತ್ರ ಹುಟ್ಟಿದ್ದು ಅಳತೆಯ ಉತ್ಸಾಹದಲ್ಲಿ. 1921ರಲ್ಲಿ ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ ಹೆಚ್ಚಿನ ಐಕ್ಯೂ ಇರುವ ಸುಮಾರು 1,500 ಮಕ್ಕಳನ್ನು ಆರಿಸಿ, ಅವರ ಬದುಕನ್ನು ದಶಕಗಳ ಕಾಲ ಹಿಂಬಾಲಿಸುವ ಕೆಲಸಕ್ಕೆ ಕೈಹಾಕಿದರು. ತರಗತಿಯೊಳಗೆ ಇಳಿದು ನೋಡಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಲೀಟಾ ಹಾಲಿಂಗ್‌ವರ್ತ್. ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ಇಂಥ ಮಕ್ಕಳಿಗೆ ಪ್ರತ್ಯೇಕ ತರಗತಿ ನಡೆಸಿದ ಅವರು, ಐಕ್ಯೂ 140ರ ಮಗು ಸಾಮಾನ್ಯ ತರಗತಿಯಲ್ಲಿ ಅರ್ಧ ಹೊತ್ತನ್ನು ವ್ಯರ್ಥವಾಗಿ ಕಳೆಯುತ್ತದೆ ಎಂದು ಬರೆದರು. ಈ ಪರಂಪರೆಯಲ್ಲಿ ನನಗೆ ಟರ್ಮನ್‌ಗಿಂತ ಹತ್ತಿರದವರು ಹಾಲಿಂಗ್‌ವರ್ತ್.

1957ರಲ್ಲಿ ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿತು. ಮರುವರ್ಷವೇ ಅಮೆರಿಕದಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಬಂದು ವಿಜ್ಞಾನ, ಗಣಿತಗಳಿಗೆ ಹಣ ಹರಿಯಿತು. 1972ರ ಮಾರ್ಲಂಡ್ ವರದಿ ಪ್ರತಿಭೆಯ ವ್ಯಾಪ್ತಿಯನ್ನು ಹಿಗ್ಗಿಸಿ ಸೃಜನಶೀಲತೆ, ನಾಯಕತ್ವ, ಕಲೆಗಳಿಗೂ ಜಾಗ ಕೊಟ್ಟಿತು. ತರಬೇತಾದ ಶಿಕ್ಷಕರ ಅಭಾವವನ್ನೂ ಎತ್ತಿ ಹೇಳಿತು. 1988ರ ಜಾವಿಟ್ಸ್ ಕಾಯ್ದೆ ಸಂಶೋಧನೆಗೆ, ಮಾದರಿ ಯೋಜನೆಗಳಿಗೆ ಅನುದಾನ ಒದಗಿಸಿತಾದರೂ ಯಾವ ಶಾಲೆಗೂ ಏನನ್ನೂ ಕಡ್ಡಾಯ ಮಾಡಲಿಲ್ಲ.

ಇಷ್ಟರ ನಡುವೆ ಸಾಮಾನ್ಯ ತರಗತಿಯ ಸ್ಥಿತಿ ಹೇಗಿತ್ತು? 1993ರಲ್ಲಿ ಮೂರು ಮತ್ತು ನಾಲ್ಕನೇ ತರಗತಿಯ ಶಿಕ್ಷಕರ ರಾಷ್ಟ್ರವ್ಯಾಪಿ ಸಮೀಕ್ಷೆ ಪ್ರಕಟವಾಯಿತು. ಸರ್ಕಾರಿ ಶಾಲೆಗಳ ಶಿಕ್ಷಕರಲ್ಲಿ ಶೇ. 61ರಷ್ಟು ಮಂದಿ ಪ್ರತಿಭಾನ್ವಿತರಿಗೆ ಕಲಿಸುವ ಬಗ್ಗೆ ಯಾವ ತರಬೇತಿಯನ್ನೂ ಪಡೆದಿರಲಿಲ್ಲ. ಪಾಠದಲ್ಲಿ ಅವರು ಮಾಡುತ್ತಿದ್ದ ಹೊಂದಾಣಿಕೆಯೂ ಅತ್ಯಲ್ಪ. ಮರುವರ್ಷ ಹ್ಯಾನ್ಸನ್ ಮತ್ತು ಫೆಲ್ಡ್‌ಹ್ಯೂಸನ್ ತರಬೇತಾದ ಶಿಕ್ಷಕರನ್ನೂ ಆಗದವರನ್ನೂ ಹೋಲಿಸಿದರು. ಬೋಧನೆಯ ಕೌಶಲದಲ್ಲೂ ತರಗತಿಯ ವಾತಾವರಣದಲ್ಲೂ ತರಬೇತಾದವರೇ ಮುಂದಿದ್ದರು.

ಇಷ್ಟೆಲ್ಲ ಸಾಕ್ಷ್ಯವಿದ್ದೂ ಇಂಥ ಶಿಕ್ಷಕರ ತಯಾರಿಗೆ ರಾಷ್ಟ್ರಮಟ್ಟದ ಒಮ್ಮತದ ಮಾನದಂಡ ಬಂದದ್ದು 2006ರಲ್ಲಿ. 1954ರಲ್ಲಿ ಹುಟ್ಟಿದ ಪ್ರತಿಭಾನ್ವಿತ ಮಕ್ಕಳ ರಾಷ್ಟ್ರೀಯ ಸಂಘ ಮತ್ತು 1922ರಿಂದ ವಿಶೇಷ ಶಿಕ್ಷಣದಲ್ಲಿ ತೊಡಗಿದ್ದ ವಿಶೇಷ ಮಕ್ಕಳ ಮಂಡಳಿ ಒಟ್ಟಾಗಿ ಹತ್ತು ಮಾನದಂಡಗಳನ್ನು ರೂಪಿಸಿದವು. ಶಿಕ್ಷಕರ ಶಿಕ್ಷಣಕ್ಕೆ ಆಗ ಮಾನ್ಯತೆ ಕೊಡುತ್ತಿದ್ದ ಸಂಸ್ಥೆ ಎನ್‌ಕೇಟ್ ಒಪ್ಪಿಗೆಯ ಮುದ್ರೆ ಒತ್ತಿತು. ಈ ಕೆಲಸದಲ್ಲಿ ಸೂಸನ್ ಜಾನ್ಸೆನ್ ಮತ್ತು ಜಾಯ್ಸ್ ವಾನ್‌ಟಾಸೆಲ್-ಬಾಸ್ಕಾ ಅವರ ಪಾತ್ರ ದೊಡ್ಡದು. 2013ರ ಪರಿಷ್ಕರಣೆಯಲ್ಲಿ ಹತ್ತು ಏಳಾದವು: ಮಗುವಿನ ಬೆಳವಣಿಗೆ ಮತ್ತು ಕಲಿಕೆಯ ಭಿನ್ನತೆ, ಕಲಿಕೆಯ ವಾತಾವರಣ, ವಿಷಯಜ್ಞಾನ, ಮೌಲ್ಯಮಾಪನ, ಬೋಧನೆಯ ಯೋಜನೆ, ವೃತ್ತಿಧರ್ಮ, ಸಹಯೋಗ. ಹೆಸರು ಕೇಳಿದರೆ ಯಾವ ಬಿ.ಎಡ್. ಪಠ್ಯದಲ್ಲೂ ಇರುವಂಥವೇ. ವ್ಯತ್ಯಾಸ ಇರುವುದು ಕೆಲಸದಲ್ಲಿ. ಪಾಠಕ್ಕೆ ಮೊದಲೇ ಮಗುವಿಗೆ ಏನು ಗೊತ್ತಿದೆ ಎಂದು ತಿಳಿಯಬೇಕು, ಗೊತ್ತಿರುವುದನ್ನು ಬಿಟ್ಟು ಮುಂದಕ್ಕೆ ಒಯ್ಯಬೇಕು, ಅಗತ್ಯವಿದ್ದರೆ ಮೇಲಿನ ತರಗತಿಯ ಪಾಠವನ್ನೇ ಕೊಡಬೇಕು. ಬೇಗ ಮುಗಿಸಿದವಳಿಗೆ ಅಂಥವೇ ಇನ್ನೂ ಹತ್ತು ಲೆಕ್ಕ ಕೊಡುವ ಅಭ್ಯಾಸ ಇದರೆದುರು ನಿಲ್ಲುವುದಿಲ್ಲ.

ನಿಜವಾದ ತಿರುವು ಬಂದದ್ದು 2014ರಲ್ಲಿ, ಎಲ್ಲ ಶಿಕ್ಷಕರಿಗೂ ಬೇಕಾದ ಕನಿಷ್ಠ ಜ್ಞಾನ ಮತ್ತು ಕೌಶಲಗಳನ್ನು ಹೇಳುವ ದಾಖಲೆಯೊಂದಿಗೆ. ಚುರುಕು ಮಗು ವಾರದ ಬಹುಪಾಲು ಹೊತ್ತು ಕಳೆಯುವುದು ಸಾಮಾನ್ಯ ತರಗತಿಯಲ್ಲೇ, ಅದನ್ನು ಮೊದಲು ಗುರುತಿಸಬೇಕಾದವರೂ ಅಲ್ಲಿನ ಶಿಕ್ಷಕರೇ. ಯಾರನ್ನು ಗುರುತಿಸುತ್ತಾರೆ ಎಂಬುದು ನ್ಯಾಯದ ಪ್ರಶ್ನೆಯೂ ಹೌದು. 2016ರಲ್ಲಿ ಕಾರ್ಡ್ ಮತ್ತು ಜೂಲಿಯಾನೊ, ಫ್ಲಾರಿಡಾದ ಒಂದು ದೊಡ್ಡ ಜಿಲ್ಲೆಯಲ್ಲಿ ಶಿಫಾರಸಿಗೆ ಕಾಯದೆ ಎಲ್ಲ ಮಕ್ಕಳನ್ನೂ ಪರೀಕ್ಷಿಸಿದಾಗ ಪ್ರತಿಭಾನ್ವಿತರೆಂದು ಗುರುತಾದ ಬಡ, ಕಪ್ಪು ಮತ್ತು ಹಿಸ್ಪ್ಯಾನಿಕ್ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿದ್ದನ್ನು ತೋರಿಸಿದರು. ಶಿಫಾರಸು ಯಾರನ್ನು ಹೊರಗಿಡುತ್ತಿತ್ತು ಎಂಬುದು ಅಲ್ಲಿ ಸ್ಪಷ್ಟವಾಗಿತ್ತು.

ಭಾರತದಲ್ಲಿ ಈ ಕೆಲಸ ಇನ್ನೂ ಆರಂಭದಲ್ಲಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಅನಿತಾ ಕುರುಪ್ ಮತ್ತು ಸಂಗಡಿಗರು ನಮ್ಮ ಸಂದರ್ಭಕ್ಕೆ ಹೊಂದುವ, ಶಿಕ್ಷಕರೇ ಮಕ್ಕಳನ್ನು ಗುರುತಿಸುವ ವಿಧಾನಗಳನ್ನು ರೂಪಿಸಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎನ್‌ಸಿಇಆರ್‌ಟಿ ಮತ್ತು ಎನ್‌ಸಿಟಿಇಗಳಿಗೆ ಮಾರ್ಗಸೂಚಿ ರಚಿಸಲು ಹೇಳಿ, ಬಿ.ಎಡ್.ನಲ್ಲಿ ಈ ವಿಷಯದ ವಿಶೇಷ ಅಧ್ಯಯನಕ್ಕೂ ಅವಕಾಶವಿರಬಹುದು ಎಂದಿದೆ. ಐಚ್ಛಿಕವಾಗಿಯಷ್ಟೇ ಇಟ್ಟರೆ ಆರಿಸಿಕೊಳ್ಳದ ಶಿಕ್ಷಕರ ತರಗತಿಯ ಮಕ್ಕಳು ಹಿಂದಿನಂತೆಯೇ ಉಳಿಯುತ್ತಾರೆ. ಹಾಗಾಗಿ ಕಡ್ಡಾಯ ಪತ್ರಿಕೆಯೊಂದರಲ್ಲೇ ಇದಕ್ಕೆ ಒಂದು ಘಟಕ, ಜೊತೆಗೆ ಕಲಿಸುವ ಅಭ್ಯಾಸದ ವಾರಗಳಲ್ಲಿ ಒಬ್ಬ ಚುರುಕು ಮಗುವನ್ನು ಗುರುತಿಸಿ ಅದಕ್ಕೆ ಪಾಠ ಹೊಂದಿಸುವ ಕೆಲಸ ಇರಬೇಕು.