ಪ್ಲಾಸ್ಟಿಡ್‌ಗಳ ಬೆಳವಣಿಗೆ ಮತ್ತು ರೂಪಾಂತರ

ಸಸ್ಯದ ಜೀವಕೋಶದೊಳಗೆ ಎರಡು ಪೊರೆಗಳ ಹೊದಿಕೆಯೂ ತಮ್ಮದೇ ಡಿಎನ್‌ಎಯೂ ಇರುವ ಕಣಗಳು ಪ್ಲಾಸ್ಟಿಡ್‌ಗಳು. ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಇವುಗಳಲ್ಲಿ ಹೆಸರಾದದ್ದು. ಆಲೂಗಡ್ಡೆಯಲ್ಲಿ ಪಿಷ್ಟ ತುಂಬಿಕೊಂಡಿರುವ ಅಮೈಲೋಪ್ಲಾಸ್ಟ್, ಹಣ್ಣು ಹೂಗಳಿಗೆ ಕೆಂಪು, ಹಳದಿ ತರುವ ಕ್ರೋಮೋಪ್ಲಾಸ್ಟ್ ಅದರ ಒಡಹುಟ್ಟುಗಳು. ಪಠ್ಯಪುಸ್ತಕಗಳು ಇವನ್ನು ಬೇರೆಬೇರೆ ಜಾತಿಗಳೆಂಬಂತೆ ಪಟ್ಟಿ ಮಾಡುವುದುಂಟು. ಆ ಪಟ್ಟಿ ದಾರಿ ತಪ್ಪಿಸುತ್ತದೆ. ಇವೆಲ್ಲ ಒಂದೇ ಕಣ ತೊಡುವ ವೇಷಗಳು. ಯಾವ ವೇಷ ತೊಡಬೇಕೆಂಬುದು ಆ ಕಣ ಯಾವ ಅಂಗಾಂಶದಲ್ಲಿದೆ, ಅಲ್ಲಿಗೆ ಬೆಳಕು ಬೀಳುತ್ತದೆಯೇ ಎಂಬುದರ ಮೇಲೆ ನಿಂತಿದೆ.

ಚಿಗುರಿನ ಮತ್ತು ಬೇರಿನ ತುದಿಯ ವರ್ಧನ ಅಂಗಾಂಶದಲ್ಲಿ ಇರುವುದು ಪ್ರೋಪ್ಲಾಸ್ಟಿಡ್. ಅಳತೆ ಸುಮಾರು 1 ಮೈಕ್ರೋಮೀಟರ್. ಬಣ್ಣವಿಲ್ಲ, ಒಳಗೆ ಪೊರೆಗಳೂ ಹೆಚ್ಚಿಲ್ಲ. ಒಂದು ಕೋಶದಲ್ಲಿ ಇಂಥವು ಸಾಮಾನ್ಯವಾಗಿ 10ರಿಂದ 20 ಇರುತ್ತವೆ. ಕೋಶ ಇವನ್ನು ಹೊಸದಾಗಿ ಕಟ್ಟಲಾರದು. ಇರುವ ಪ್ಲಾಸ್ಟಿಡ್ ಸೀಳಿಯೇ ಇನ್ನೊಂದು ಹುಟ್ಟಬೇಕು ಎಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿ ಶಿಂಪರ್ 1883ರಲ್ಲೇ ಹೇಳಿದ್ದ. ಸೀಳುವಾಗ ನಡುವಿಗೆ ಉಂಗುರ ಬಿಗಿಯುವ ಎಫ್‌ಟಿಎಸ್‌ಜೆಡ್ ಎಂಬ ಪ್ರೋಟೀನು ಬ್ಯಾಕ್ಟೀರಿಯಾಗಳ ವಿಭಜನೆಯಲ್ಲೂ ಅದೇ ಕೆಲಸ ಮಾಡುತ್ತದೆ. ಪ್ಲಾಸ್ಟಿಡ್‌ಗಳ ಮೂಲ ಪುರುಷ ಸಯನೋಬ್ಯಾಕ್ಟೀರಿಯಾ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಪ್ರೋಪ್ಲಾಸ್ಟಿಡ್ ಬೆಳೆಯುವುದನ್ನು ನೋಡಲು ಜೋಳದ ಎಲೆಗಿಂತ ಒಳ್ಳೆಯ ಜಾಗವಿಲ್ಲ. ಹುಲ್ಲಿನ ಜಾತಿಯ ಎಲೆಗಳು ಬುಡದಿಂದ ಬೆಳೆಯುವುದರಿಂದ ಎಳೆಯ ಕೋಶಗಳು ಬುಡದಲ್ಲಿ, ಬಲಿತವು ತುದಿಯಲ್ಲಿ. ಎಳೆಯ ಎಲೆಯೊಂದನ್ನು ಸುಳಿಯಿಂದ ಎಳೆದರೆ ಬುಡ ಬಿಳಿಚಿ, ಮೇಲೇರಿದಂತೆ ಹಸಿರು ಗಾಢವಾಗುತ್ತದೆ. ಪ್ರೋಪ್ಲಾಸ್ಟಿಡ್ ಕ್ಲೋರೋಪ್ಲಾಸ್ಟ್ ಆಗುವ ಇಡೀ ಕಥೆ ಆ ಒಂದು ಎಲೆಯ ಉದ್ದದಲ್ಲಿದೆ.

ಬೆಳಕೇ ಇಲ್ಲದಿದ್ದರೆ? ಕತ್ತಲಲ್ಲಿ ಮೊಳೆತ ಹೆಸರುಕಾಳಿನ ಎಲೆ ಹಳದಿ. ಅದರ ಕೋಶಗಳಲ್ಲಿ ಪ್ಲಾಸ್ಟಿಡ್ ಅರ್ಧ ದಾರಿಯಲ್ಲಿ ಎಟಿಯೋಪ್ಲಾಸ್ಟ್ ಆಗಿ ನಿಂತಿರುತ್ತದೆ. ಮುಂದೆ ಕ್ಲೋರೋಪ್ಲಾಸ್ಟಿನ ಒಳಪೊರೆಗಳಾದ ಥೈಲಕಾಯ್ಡ್‌ಗಳಾಗಬೇಕಾದ ಸಾಮಗ್ರಿ ಜಾಲರಿಯಂತೆ ಹೆಣೆದು ಗಂಟಾಗಿರುತ್ತದೆ, ಜೊತೆಗೆ ಪತ್ರಹರಿತ್ತಿನ ಪೂರ್ವರೂಪವೂ ಸಿದ್ಧವಿರುತ್ತದೆ. ಹೂಬಿಡುವ ಸಸ್ಯಗಳಲ್ಲಿ ಕೊನೆಯ ಒಂದು ಹಂತವನ್ನು ನಡೆಸುವ ಕಿಣ್ವಕ್ಕೆ ಬೆಳಕು ಬೇಕೇ ಬೇಕು. ಬೆಳಕು ಬಿದ್ದೊಡನೆ ಆ ಹಂತ ದಾಟುತ್ತದೆ, ಗಂಟು ಬಿಚ್ಚಿ ಪೊರೆಗಳು ಹರಡುತ್ತವೆ, ಕೆಲವೇ ಗಂಟೆಗಳಲ್ಲಿ ಎಲೆ ಹಸಿರೇರುತ್ತದೆ. ಪೈನ್ ಮರದ ಸಸಿಗೆ ಈ ಕಟ್ಟು ಇಲ್ಲ. ಬೆಳಕು ಬೇಡದ ಇನ್ನೊಂದು ಕಿಣ್ವವೂ ಇರುವುದರಿಂದ ಅದು ಕತ್ತಲಲ್ಲೂ ಹಸಿರಾಗಬಲ್ಲದು.

ಪ್ಲಾಸ್ಟಿಡ್‌ನ ಡಿಎನ್‌ಎಯಲ್ಲಿ ಉಳಿದಿರುವುದು ನೂರರ ಆಸುಪಾಸು ವಂಶವಾಹಿಗಳು ಮಾತ್ರ. ಬೇಕಾದ ಪ್ರೋಟೀನುಗಳು ಸಾವಿರಾರು. ಅವುಗಳಲ್ಲಿ ಹೆಚ್ಚಿನವು ಕೋಶಕೇಂದ್ರದ ಆಜ್ಞೆಯಂತೆ ಕೋಶರಸದಲ್ಲಿ ತಯಾರಾಗಿ ಎರಡೂ ಪೊರೆ ದಾಟಿ ಒಳಬರುತ್ತವೆ. ರೂಪಾಂತರದ ಲಗಾಮು ಕೋಶಕೇಂದ್ರದ ಕೈಯಲ್ಲಿರುವುದು ಹೀಗೆ. ಆದರೂ ಪ್ಲಾಸ್ಟಿಡ್ ಮೂಕ ಆಳಲ್ಲ: ಅದು ಹಾಳಾದರೆ ದ್ಯುತಿಸಂಶ್ಲೇಷಣೆಗೆ ಸಂಬಂಧಿಸಿದ ಕೋಶಕೇಂದ್ರದ ಹಲವು ವಂಶವಾಹಿಗಳೂ ತಣ್ಣಗಾಗುತ್ತವೆ.

ಮೆಣಸಿನಕಾಯಿ ಹಣ್ಣಾಗುವಾಗ ಕ್ಲೋರೋಪ್ಲಾಸ್ಟ್ ತನ್ನ ಥೈಲಕಾಯ್ಡ್‌ಗಳನ್ನು ಕಳಚಿ, ಪತ್ರಹರಿತ್ತನ್ನು ಒಡೆದು, ಕ್ಯಾರೊಟಿನಾಯ್ಡ್‌ಗಳನ್ನು ತುಂಬಿಕೊಂಡು ಕ್ರೋಮೋಪ್ಲಾಸ್ಟ್ ಆಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ತರುವ ಕೆಂಪು, ಕ್ಯಾಪ್ಸಾಂಥಿನ್, ಕೂಡಿಕೊಳ್ಳುವುದು ಇದರೊಳಗೇ. ಟೊಮೆಟೊದಲ್ಲಿ ಆ ಜಾಗ ಲೈಕೋಪೀನಿನದು. ಈ ದಾರಿ ಒಮ್ಮುಖವಲ್ಲ. ಮಣ್ಣಿನಿಂದ ಮೇಲೆದ್ದ ಗಜ್ಜರಿಯ ತಲೆ ಹಸಿರಾಗುವುದು ಕ್ರೋಮೋಪ್ಲಾಸ್ಟ್ ಕ್ಲೋರೋಪ್ಲಾಸ್ಟ್ ಆದಾಗ. ಬಿಸಿಲಿಗೆ ಬಿದ್ದ ಆಲೂಗಡ್ಡೆಯಲ್ಲಿ ಅಮೈಲೋಪ್ಲಾಸ್ಟ್ ಹಾಗೆ ಬದಲಾಗುತ್ತದೆ. (ಆ ಹಸಿರು ವಿಷವಲ್ಲ, ಅದೇ ಬೆಳಕಿಗೆ ಜೊತೆಜೊತೆಗೆ ಹೆಚ್ಚುವ ಸೊಲಾನಿನ್ ವಿಷ.) ಅಮೈಲೋಪ್ಲಾಸ್ಟ್‌ಗೆ ಇನ್ನೊಂದು ಕೆಲಸವೂ ಉಂಟು: ಬೇರಿನ ತುದಿಯಲ್ಲಿ ಭಾರದ ಅಮೈಲೋಪ್ಲಾಸ್ಟ್‌ಗಳು ಕೋಶದ ತಳಕ್ಕೆ ಇಳಿದು, ಕೆಳಗು ಯಾವುದೆಂದು ಬೇರಿಗೆ ತಿಳಿಸುತ್ತವೆ.

ಮುಪ್ಪಾದ ಎಲೆಯಲ್ಲಿ ಕ್ಲೋರೋಪ್ಲಾಸ್ಟ್ ಜೆರೊಂಟೋಪ್ಲಾಸ್ಟ್ ಆಗಿ, ತನ್ನ ಪ್ರೋಟೀನಿನ ಸಾರಜನಕವನ್ನು ಕಾಳಿಗೆ, ಚಿಗುರಿಗೆ ಬಿಟ್ಟುಕೊಡುತ್ತದೆ. ಹಳದಿಯಾದ ಕೆಳಗಿನ ಎಲೆಯನ್ನು ಉಳಿಸಿ ಮೇಲಿನ ಕಾಂಡವನ್ನು ಕತ್ತರಿಸಿದಾಗ ಆ ಎಲೆ ಮರಳಿ ಹಸಿರಾದದ್ದನ್ನು ತಂಬಾಕಿನಲ್ಲಿ ಕಂಡಿದ್ದಾರೆ.

ಬಹುಪಾಲು ಹೂಗಿಡಗಳಲ್ಲಿ ಪ್ಲಾಸ್ಟಿಡ್ ಮರಿಗೆ ಬರುವುದು ತಾಯಿಯಿಂದ. ಕಾರ್ಲ್ ಕೊರೆನ್ಸ್ 1909ರಲ್ಲಿ ಇದನ್ನು ತೋರಿಸಿದ್ದು ಸಂಜೆಮಲ್ಲಿಗೆಯ ಮಚ್ಚೆ ತಳಿಯಲ್ಲಿ: ಬಿಳಿ ಕೊಂಬೆಯ ಹೂವಿಗೆ ಹಸಿರು ಕೊಂಬೆಯ ಪರಾಗ ಹಾಕಿದರೂ ಹುಟ್ಟಿದ ಸಸಿಗಳು ಬಿಳಿಯೇ, ಬೀಜದ ಆಹಾರ ಮುಗಿದೊಡನೆ ಅವು ಸತ್ತವು.