ತವರಿನ ಉಡುಗೊರೆಯೂ ಪೇಟೆಯ ಸರಕೂ: ಧಾರವಾಡ ಸೀಮೆಯ ಹೆಣ್ಣುಮಕ್ಕಳ ಕೈಕಸಬನ್ನು ಕುರಿತು ಒಂದು ವಿಚಾರ

೧

ಚೊಚ್ಚಲ ಬಾಣಂತನವನ್ನು ಮುಗಿಸಿ ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಧಾರವಾಡ ಸೀಮೆಯ ತವರಿನವರು ಕೂಸಿನೊಡನೆ ಕೊಟ್ಟು ಕಳುಹಿಸುವ ವಸ್ತುಗಳಲ್ಲಿ ಎರಡು ಬಗೆಗಳುಂಟು. ಮೊದಲನೆಯದು ಬಣ್ಣದ ತೊಟ್ಟಿಲು. ಇದು ಕಲಘಟಗಿಯ ಚಿತ್ರಗಾರರ ಕೈಯಿಂದ ಬರತಕ್ಕದ್ದು. ಮೊದಲೇ ಹೇಳಿ ಮಾಡಿಸಿ, ಹಣ ತೆತ್ತು ತರತಕ್ಕದ್ದು. ಎರಡನೆಯದು ಕೂಸಿನ ಕುಂಚಿಗೆ, ಕುಲಾವಿ, ಕೌದಿಗಳು. ಇವು ಮನೆಯಲ್ಲಿಯೇ ಅಜ್ಜಿಯೋ ತಾಯಿಯೋ ಅತ್ತಿಗೆಯೋ ಕುಳಿತು ಹೊಲಿದವು. ಇವುಗಳಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಕಟ್ಟಿದರೆ ಕೊಟ್ಟವರಿಗೆ ಅವಮಾನವೆಂದೇ ಭಾವನೆ.

ಎರಡರಲ್ಲಿಯೂ ಕೌಶಲವಿದೆ, ದಿನಗಟ್ಟಲೆಯ ದುಡಿಮೆಯಿದೆ. ಆದರೂ ತೊಟ್ಟಿಲು ಮಾಡಿದವನನ್ನು ಊರು ಕಸಬುದಾರನೆಂದು ಕರೆಯಿತು. ಕುಂಚಿಗೆ ಹೊಲಿದವಳನ್ನು ಹಾಗೆ ಕರೆಯಲಿಲ್ಲ. ಆಕೆ ಮನೆಯ ಹೆಂಗಸು, ಬಿಡುವಿನಲ್ಲಿ ಹೊಲಿದಳು ಎಂಬಲ್ಲಿಗೆ ಮಾತು ಮುಗಿಯಿತು. ಈ ಭೇದವು ಸಣ್ಣದೆಂದು ತೋರಬಹುದು. ಆದರೆ ಮುಂದೆ ಇದೇ ಹೊಲಿಗೆ ಪೇಟೆಗೆ ಬಂದಾಗ ಆಕೆಗೆ ಎಷ್ಟು ಮಜೂರಿ ಸಲ್ಲಬೇಕೆಂಬುದನ್ನು ನಿರ್ಣಯಿಸಿದ್ದು ಬಹುಮಟ್ಟಿಗೆ ಈ ಭೇದವೇ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಯತ್ನಿಸಲಾಗಿದೆ. ಇದಕ್ಕಾಗಿ ಕಸೂತಿಯನ್ನೂ ನವಲಗುಂದದ ಜಮಖಾನೆಯನ್ನೂ ಮುಖ್ಯ ಆಧಾರಗಳಾಗಿ ಇಟ್ಟುಕೊಂಡಿದೆ.

೨

ಮೊದಲು ಕಸೂತಿಯ ವಿಷಯ. 'ಕೈ' ಮತ್ತು 'ಸೂತಿ' ಎಂಬ ಪದಗಳು ಕೂಡಿ ಈ ಹೆಸರಾಯಿತೆಂಬುದು ಪ್ರಚಲಿತವಾದ ನಿರುಕ್ತಿ. 'ಕಶೀದಾ' ಎಂಬ ಪಾರಸಿ ಶಬ್ದದೊಡನೆ ಇದನ್ನು ಹೋಲಿಸಿ ನೋಡುವವರೂ ಇದ್ದಾರೆ. ಹೆಸರಿನ ಮೂಲವೇನೇ ಇರಲಿ, ಕಲೆಯ ಸ್ವರೂಪ ಮಾತ್ರ ಸ್ಪಷ್ಟವಾಗಿದೆ. ಇದರಲ್ಲಿ ನಾಲ್ಕು ಬಗೆಯ ಹೊಲಿಗೆಗಳು: ಗವಂತಿ, ಮುರಗಿ, ನೇಗಿ ಮತ್ತು ಮೆಂತಿ. ಗವಂತಿಯಲ್ಲಿ ಸೂಜಿ ಒಂದು ಸಾಲಿನಲ್ಲಿ ಎಡೆಬಿಟ್ಟು ಹೋಗಿ, ಮರಳಿ ಬರುವಾಗ ಆ ಎಡೆಗಳನ್ನು ತುಂಬುತ್ತದೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೇಗಿ ನೆಯ್ಗೆಯಂತೆ ಕಾಣುತ್ತದೆ. ಮೆಂತಿ ಕತ್ತರಿಯಾಕಾರದ್ದು, ಮೆಂತೆಯ ಕಾಳು ಚೆಲ್ಲಿದಂತಿರುತ್ತದೆ.

ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ದಾರಕ್ಕೆ ಗಂಟು ಹಾಕಕೂಡದು. ಗವಂತಿ ಮುರಗಿಗಳಲ್ಲಿ ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ತೆರನಾಗಿರಬೇಕು. ಎಣಿಕೆಯಲ್ಲಿ ಒಂದೆಳೆ ತಪ್ಪಿದರೂ ಹೋದ ಸೂಜಿ ಹೊರಟ ಸ್ಥಳಕ್ಕೆ ಮರಳಿ ಬಂದು ಕೂಡುವುದಿಲ್ಲ; ಬಿಚ್ಚಿ ಪುನಃ ಹೊಲಿಯಬೇಕಾಗುತ್ತದೆ. ಗೋಪುರ, ತೇರು, ತುಳಸಿಯ ಕಟ್ಟೆ, ಆನೆಯ ಅಂಬಾರಿ, ನಂದಿ, ನವಿಲು, ಕಮಲ, ತೊಟ್ಟಿಲು ಮೊದಲಾದ ಆಕೃತಿಗಳು ಹೀಗೆ ಎಣಿಕೆಯಿಂದಲೇ ಮೂಡತಕ್ಕವು. ನೆನಪು, ಗಣಿತ, ಕಣ್ಣು ಈ ಮೂರೂ ಬೇಡುವ ಈ ಕೆಲಸವನ್ನು ಕೇವಲ 'ಬಿಡುವಿನ ಕೆಲಸ'ವೆಂದು ಕರೆಯುವುದು ಯುಕ್ತವಲ್ಲ.

ಈ ಕಲೆಯು ಬೆಳೆದದ್ದು ಕೊಡುಕೊಳ್ಳುವ ಸಂಬಂಧಗಳ ನಡುವೆ. ಇಳಕಲ್ಲಿನ ಸೀರೆಯನ್ನೂ ಗುಳೇದಗುಡ್ಡದ ಖಣವನ್ನೂ ಪೇಟೆಯಿಂದ ತಂದು, ಅವುಗಳ ಮೇಲೆ ಮನೆಯಲ್ಲಿ ಕಸೂತಿ ಹಾಕುತ್ತಿದ್ದರು. ಮದುಮಗಳಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಕಸೂತಿ ಇರಲೇಬೇಕೆಂಬ ರೂಢಿಯಿತ್ತು. ಬಸುರಿಗೆ ಮಾಡುವ ಮಂಗಲಕಾರ್ಯಕ್ಕೆ ಈ ಸೀಮೆಯಲ್ಲಿ 'ಕುಬಸ'ವೆಂದೇ ಹೆಸರು. ತವರಿನವರು ತೊಡಿಸುವ ಕುಪ್ಪಸವೇ ಕಾರ್ಯದ ಹೆಸರಾಗಿ ನಿಂತಿದೆ. ಆಮೇಲೆ ಕೂಸಿನ ಕುಂಚಿಗೆ ಕುಲಾವಿಗಳ ಸರದಿ. ಹೀಗೆ ಹೆಣ್ಣಿನ ಬಾಳಿನ ಒಂದೊಂದು ಹಂತಕ್ಕೂ ಒಂದೊಂದು ಹೊಲಿದ ವಸ್ತುವಿತ್ತು. ತಾಯಿಯಿಂದ ಮಗಳು ಕಲಿತಳು. ಮದುವೆಯಾಗಿ ಬೇರೆ ಊರಿಗೆ ಹೋಗುವಾಗ ಸೀರೆಯೊಡನೆ ಕಲೆಯನ್ನೂ ಕೊಂಡೊಯ್ದಳು. ಕಸೂತಿಯು ಒಂದೇ ಊರಿನ ಸೊತ್ತಾಗದೆ ಧಾರವಾಡ, ಬೆಳಗಾವಿ, ವಿಜಯಪುರಗಳ ಸೀಮೆಯಲ್ಲೆಲ್ಲ ಹರಡಿದುದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ.

೩

ನವಲಗುಂದದ ಜಮಖಾನೆಯ ಚರಿತ್ರೆ ಇದಕ್ಕೆ ವಿರುದ್ಧವಾದ ದಿಕ್ಕಿನದು. ನವಲಗುಂದವು ಎರೆಯ ನೆಲದ ಊರು; ಸುತ್ತಲೂ ಹತ್ತಿಯ ಬೆಳೆ. ಇಲ್ಲಿಯ ನೇಕಾರ ಮನೆತನಗಳು ವಿಜಾಪುರದ ಆದಿಲಶಾಹಿ ಆಳ್ವಿಕೆಯ (೧೪೯೦-೧೬೮೬) ಕಾಲದಲ್ಲಿ ಯುದ್ಧದ ಹಾವಳಿಗೆ ಅಂಜಿ ವಲಸೆ ಬಂದವೆಂದು ಐತಿಹ್ಯವಿದೆ. ಊರಿನಲ್ಲಿ ಇವರು ನೆಲೆಸಿದ ಓಣಿಗೆ ಜಮಖಾನ ಗಲ್ಲಿಯೆಂದೇ ಹೆಸರಾಗಿದೆ. ನೇಯುವವರು ಮುಸಲ್ಮಾನ ಮನೆತನಗಳ ಹೆಂಗಸರು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಬಣ್ಣದ ಹತ್ತಿಯ ನೂಲನ್ನು ಕೈಯಿಂದಲೇ ಹಾಸಿನ ಎಳೆಗಳಲ್ಲಿ ತೂರಿಸಿ, ಪಂಜಾ ಎಂಬ ಹಲ್ಲುಗಳುಳ್ಳ ಉಪಕರಣದಿಂದ ಬಡಿದು ಬಿಗಿಗೊಳಿಸುತ್ತಾರೆ. ನವಿಲು, ಪಗಡೆಯ ಹಾಸು, ರೇಖಾಗಣಿತದ ಆಕೃತಿಗಳು ಇದರ ಗುರುತು. ನೆಲಕ್ಕೆ ಹಾಸುವ ಜಮಖಾನೆಯಲ್ಲದೆ ನಮಾಜಿಗೆ ಬೇಕಾದ ಜಾಯನಮಾಜ್ ಕೂಡ ಇಲ್ಲಿ ನೇಯಲ್ಪಡುತ್ತದೆ.

ಇಲ್ಲಿಯೂ ದುಡಿಯುವವಳು ಹೆಣ್ಣು. ದುಡಿಯುವ ಸ್ಥಳ ಮನೆ. ಆದರೆ ವಸ್ತು ಮಾತ್ರ ಮಾರುವುದಕ್ಕಾಗಿಯೇ ಆದದ್ದು. ಮನೆಯ ಅನ್ನಕ್ಕೆ ಆಧಾರವಾದ ವಿದ್ಯೆ ಹೊರಗೆ ಹೋಗಬಾರದೆಂದು, ಮದುವೆಯಾಗಿ ಪರರ ಮನೆ ಸೇರುವ ಮಗಳಿಗೆ ಕಲಿಸದೆ, ಮನೆಗೆ ಬಂದ ಸೊಸೆಗೆ ಕಲಿಸುತ್ತಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ಉಡುಗೊರೆಯ ಕಲೆ ಮಗಳೊಡನೆ ಊರೂರಿಗೆ ಹೋಯಿತು. ಮಾರಾಟದ ಕಲೆ ಸೊಸೆಯೊಡನೆ ಒಂದೇ ಓಣಿಯಲ್ಲಿ ನಿಂತಿತು. ಮೊದಲನೆಯದಕ್ಕೆ ಹರಹು ದೊರೆಯಿತು, ಬೆಲೆ ದೊರೆಯಲಿಲ್ಲ. ಎರಡನೆಯದಕ್ಕೆ ಬೆಲೆ ದೊರೆಯಿತು, ಆದರೆ ಕಲಿತವರ ಸಂಖ್ಯೆ ಕುಗ್ಗಿದಂತೆ ಕಲೆಯೂ ಕುಗ್ಗುವ ಅಪಾಯ ಅದರ ಹಿಂದೆಯೇ ಬಂದಿತು.

೪

ಸ್ವಾತಂತ್ರ್ಯಾನಂತರ ಈ ಎರಡು ಕಲೆಗಳೂ ಸಾರ್ವಜನಿಕ ಸಂಸ್ಥೆಗಳ ದೃಷ್ಟಿಗೆ ಬಿದ್ದವು. ೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಸ್ಥಾಪನೆಯಾಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ಅಧ್ಯಕ್ಷರಾಗಿದ್ದರು. ೧೯೬೪ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಆರಂಭವಾಯಿತು. 'ಕಾವೇರಿ' ಎಂಬ ಅದರ ಮಳಿಗೆಗಳು ನಗರದ ಗಿರಾಕಿಗಳಿಗೆ ಪರಿಚಿತವಾದವು. ಇವುಗಳ ಸೇವೆಯನ್ನು ಅಲ್ಲಗಳೆಯುವಂತಿಲ್ಲ. ಸೆರಗಿನ ಮೇಲಷ್ಟೇ ಇದ್ದ ಕಸೂತಿ ಮೇಜಿನ ಹಾಸು, ಕೈಚೀಲ, ದಿಂಬಿನ ಗವಸುಗಳ ಮೇಲೆ ಬಂದಿತು. ನವಲಗುಂದದ ಹಾಸುಗಳು ದೂರದ ಊರುಗಳನ್ನು ಮುಟ್ಟಿದವು.

ಆದರೆ ಮಜೂರಿಯ ಪ್ರಶ್ನೆ ಬೇರೆ. ಕಸೂತಿಯವಳಿಗೆ ಹಣ ಬಂದದ್ದು ನಗದ ಲೆಕ್ಕದಲ್ಲಿ, ಅಂದರೆ ಒಂದೊಂದು ವಸ್ತುವಿಗೆ ಇಷ್ಟೆಂದು ಗೊತ್ತುಪಡಿಸಿ. ಬಟ್ಟೆಯನ್ನೂ ರೇಶಿಮೆ ದಾರವನ್ನೂ ಕೊಟ್ಟು, ಹೊಲಿದುದನ್ನು ಮರಳಿ ಪಡೆಯುವ ವ್ಯವಹಾರದಲ್ಲಿ ದಾರದ ಬೆಲೆ ಗೊತ್ತು, ಬಟ್ಟೆಯ ಬೆಲೆ ಗೊತ್ತು. ದಿನಗಳ ಲೆಕ್ಕವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಅಡುಗೆ, ದನಕರು, ಹೊಲದ ಕಳೆ ಇವುಗಳ ನಡುವೆ ಸಿಕ್ಕ ಹೊತ್ತಿನಲ್ಲಿ ಹೊಲಿದದ್ದರಿಂದ ಅದು ಬಿಟ್ಟಿಯ ಹೊತ್ತೆಂಬ ಭಾವನೆ ವ್ಯಾಪಾರಿಯಲ್ಲಿ ಮಾತ್ರವಲ್ಲ, ಹೊಲಿದವಳಲ್ಲಿಯೂ ಇತ್ತು. ಮಗಳಿಗೆ ಹೊಲಿಯುವಾಗ ದಿನ ಎಣಿಸದೆ ಹೊಲಿದ ಕೈ, ಮಾರಾಟಕ್ಕೆ ಹೊಲಿಯುವಾಗಲೂ ಎಣಿಸಲಿಲ್ಲ. ತತ್ಫಲವಾಗಿ ಉಡುಗೊರೆಯ ಔದಾರ್ಯವು ವ್ಯಾಪಾರದ ಲಾಭವಾಗಿ ಪರಿಣಮಿಸಿತು.

ಜನಗಣತಿಯ ಕ್ರಮವೂ ಇದನ್ನೇ ಎತ್ತಿ ತೋರಿಸುತ್ತದೆ. ೧೯೬೧ರ ಜನಗಣತಿಯಲ್ಲಿ ದುಡಿಯುವವರನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ, 'ಗೃಹ ಕೈಗಾರಿಕೆ'ಗೆ ಪ್ರತ್ಯೇಕ ಸ್ಥಾನ ಕೊಡಲಾಯಿತು. ಜಮಖಾನೆ ನೇಯುವವಳು ಅಲ್ಲಿ ಸೇರಬಹುದಿತ್ತು. ಮಗಳಿಗಾಗಿ ಕಸೂತಿ ಹೊಲಿದವಳಿಗೆ ಅಲ್ಲಿ ಎಡೆಯಿರಲಿಲ್ಲ. ಎಣಿಕೆಗೆ ಸಿಗದ ದುಡಿಮೆಯು ಬೆಲೆಗೂ ಸಿಗುವುದು ಕಷ್ಟ.

೫

ಈ ಸ್ಥಿತಿ ನಮ್ಮ ಸೀಮೆಗೆ ಮಾತ್ರ ಮೀಸಲಾದದ್ದಲ್ಲ. ಆಂಧ್ರದ ಗೋದಾವರೀ ತೀರದ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಅಲ್ಲಿಯ ಹೆಂಗಸರಿಗೆ ಕ್ರೋಶಾ ಹೆಣಿಗೆಯನ್ನು ಕಲಿಸಿದರು. ಒಂದು ಕೊಕ್ಕೆ ಸೂಜಿ, ಒಂದು ದಾರದ ಉಂಡೆ. ಬೇರೆ ಬಂಡವಾಳ ಬೇಡ. ಕ್ರಮೇಣ ಆ ಹೆಣಿಗೆ ಪರದೇಶಗಳಿಗೆ ರಫ್ತಾಗುವ ದೊಡ್ಡ ಉದ್ಯಮವಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರು ಆ ಊರಿನ ಹೆಂಗಸರನ್ನು ಕುರಿತು ಬರೆದ ಗ್ರಂಥ ೧೯೮೨ರಲ್ಲಿ ಪ್ರಕಟವಾಯಿತು. ಜಗತ್ತಿನ ಪೇಟೆಗಾಗಿ ದಿನವಿಡೀ ಹೆಣೆಯುತ್ತಿದ್ದರೂ ಅವರನ್ನು 'ಗೃಹಿಣಿಯರು, ಹೊತ್ತು ಕಳೆಯಲು ಹೆಣೆಯುವವರು' ಎಂದು ಭಾವಿಸಿದ್ದರಿಂದಲೇ ಮಜೂರಿ ಕೆಳಗೆ ಉಳಿಯಿತೆಂದೂ, ವ್ಯಾಪಾರದ ಲಾಭ ಗಂಡಸರ ಕಡೆ ಸಾಗಿತೆಂದೂ ಅವರು ತೋರಿಸಿಕೊಟ್ಟರು.

ಈ ಹೋಲಿಕೆ ನಮಗೆ ಉಪಯುಕ್ತವಾಗಿದೆ. ಕ್ರೋಶಾ ಹೊರಗಿನಿಂದ ಬಂದ ವಿದ್ಯೆ. ಕಸೂತಿ ಈ ನೆಲದ್ದು. ಮೊದಲನೆಯದು ಆರಂಭದಿಂದಲೂ ಪೇಟೆಯತ್ತ ಮುಖ ಮಾಡಿತ್ತು. ಎರಡನೆಯದು ತಡವಾಗಿ ಪೇಟೆಗೆ ಬಂದಿತು. ಆದರೂ ಎರಡರ ಗತಿಯೂ ಒಂದೇ ಆಯಿತು. ಆದ್ದರಿಂದ ಮಜೂರಿಯ ಅಲ್ಪತೆಗೆ ಕಾರಣವನ್ನು ಕಲೆಯ ಸ್ವರೂಪದಲ್ಲಿ ಹುಡುಕುವುದಕ್ಕಿಂತ, ಕಲೆಗಾತಿಗೆ ಸಮಾಜವು ಕೊಟ್ಟ ಹೆಸರಿನಲ್ಲಿ ಹುಡುಕುವುದು ಯುಕ್ತ. ಯಂತ್ರದ ಅಗ್ಗದ ಸರಕಿನಿಂದ ಕೈಕಸಬು ಕೆಟ್ಟಿತೆಂಬ ಸಾಮಾನ್ಯ ಅಭಿಪ್ರಾಯದಲ್ಲಿ ಸತ್ಯಾಂಶವಿದೆ. ಆದರೆ ಅದೇ ಪೂರ್ಣ ಸತ್ಯವಲ್ಲ. ದಿನದ ಕೂಲಿಯಷ್ಟೂ ಹುಟ್ಟದ ಕೆಲಸವನ್ನು ಮಗಳಿಗೆ ಕಲಿಸಲು ಯಾವ ತಾಯಿಯೂ ಮನಸ್ಸು ಮಾಡಲಾರಳು.

೬

ಇದಕ್ಕೆ ಪರಿಹಾರವೆಂದು ಎರಡು ಮಾರ್ಗಗಳು ನಮ್ಮ ಕಾಲದಲ್ಲಿ ತೆರೆದಿವೆ. ಮೊದಲನೆಯದು ಕಾಯಿದೆಯ ಮಾರ್ಗ. ೧೯೯೯ರಲ್ಲಿ ಅಂಗೀಕೃತವಾಗಿ ೨೦೦೩ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ ಕಸೂತಿಯೂ ನವಲಗುಂದದ ಜಮಖಾನೆಯೂ ನೋಂದಣಿ ಪಡೆದಿವೆ. ಜಮಖಾನೆಗೆ ಅದು ೨೦೧೧ರಲ್ಲಿ ದೊರೆಯಿತು. ಬೇರೆಡೆಯ ಹಾಸನ್ನು ನವಲಗುಂದದ್ದೆಂದು ಮಾರದಂತೆ ಇದು ತಡೆಯುತ್ತದೆ. ಆದರೆ ಇದು ಕಾಪಾಡುವುದು ಹೆಸರನ್ನು, ಮಜೂರಿಯನ್ನಲ್ಲ. ನೇಯುವವಳೂ ಹೊಲಿಯುವವಳೂ ತಾವೇ ಅಧಿಕೃತ ಬಳಕೆದಾರರೆಂದು ನೋಂದಾಯಿತರಾಗಲು ಕಾಯಿದೆಯಲ್ಲಿ ಅವಕಾಶವಿದೆ. ಆ ಅವಕಾಶ ಅವರ ಕೈಗೆ ತಲುಪಿದಾಗಲೇ ಹೆಸರಿನ ಲಾಭ ಅವರದಾದೀತು.

ಎರಡನೆಯದು ಸಹಕಾರದ ಮಾರ್ಗ. ಈ ಸೀಮೆಗೆ ಅದು ಹೊಸದಲ್ಲ. ಆಗ ಧಾರವಾಡ ಜಿಲ್ಲೆಗೆ ಸೇರಿದ್ದು, ೧೯೯೭ರಿಂದ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳ್ತನದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಉದ್ದೇಶ. ರೈತನ ಮನೆಯಲ್ಲಿಯೇ ಸೂಜಿ ಹಿಡಿದು ಕುಳಿತವಳಿಗೆ ಅಂಥ ಆಸರೆ ದೊರೆಯಲು ಬಹುಕಾಲ ಬೇಕಾಯಿತು. ೨೦೦೦-೦೧ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳಿಂದ ಹಳ್ಳಿಯ ಹೆಂಗಸರು ತಮ್ಮ ಉಳಿತಾಯದ ಬಲದ ಮೇಲೆಯೇ ಸಾಲ ಪಡೆಯುವಂತಾಯಿತು. ಹತ್ತು ಮಂದಿ ಕೂಡಿ ದಾರವನ್ನು ಸಗಟಾಗಿ ಕೊಂಡರೆ, ನಗಕ್ಕೆ ಹಿಡಿದ ದಿನಗಳನ್ನು ವಹಿಯಲ್ಲಿ ಬರೆದಿಟ್ಟರೆ, ಬೆಲೆಯನ್ನು ತಾವೇ ಹೇಳಿದರೆ, ನಡುವಿನವರ ಹಂಗು ಅಷ್ಟರ ಮಟ್ಟಿಗೆ ತಪ್ಪುತ್ತದೆ. ಸಣ್ಣ ಉದ್ಯಮದ ಮೊದಲ ಬಂಡವಾಳ ಹಣವಲ್ಲ, ಈ ದಿನಗಳ ಲೆಕ್ಕ.

೭

ಮೇಲಿನ ವಿವೇಚನೆಯಿಂದ ಫಲಿಸುವ ಅಂಶವಿಷ್ಟು. ಕಲಘಟಗಿಯ ತೊಟ್ಟಿಲು, ಕಸೂತಿಯ ಕುಂಚಿಗೆ, ನವಲಗುಂದದ ಜಮಖಾನೆ ಈ ಮೂರೂ ಒಂದೇ ಸೀಮೆಯ ಕೈಗಳಿಂದ ಬಂದವು. ಇವುಗಳ ಬೆಲೆಯಲ್ಲಿ ಕಂಡುಬರುವ ತಾರತಮ್ಯಕ್ಕೆ ಕೌಶಲದ ಹೆಚ್ಚುಕಡಿಮೆ ಕಾರಣವಲ್ಲ. ಮಾಡಿದವರು ಯಾರು, ಯಾರಿಗಾಗಿ ಮಾಡಿದರು ಎಂಬ ಭಾವನೆಯೇ ಕಾರಣ. ಮಗಳಿಗೆ ಕೊಡುವ ಕುಂಚಿಗೆಗೆ ಬೆಲೆ ಕಟ್ಟಬೇಕಾಗಿಲ್ಲ. ಅದು ಹಾಗೆಯೇ ಇರತಕ್ಕದ್ದು. ಆದರೆ ಅದೇ ಹೊಲಿಗೆ ಪರರ ಮನೆಗೆ ಮಾರಾಟವಾಗಿ ಹೋಗುವಾಗ ತೊಟ್ಟಿಲಿನವನಿಗೆ ಸಲ್ಲುವ ನ್ಯಾಯ ಸೂಜಿಯವಳಿಗೂ ಸಲ್ಲತಕ್ಕದ್ದು. ಕರಕುಶಲದ ಚರಿತ್ರೆಯನ್ನು ಬರೆಯುವವರು ಆಕೃತಿಗಳ ವರ್ಣನೆಯಷ್ಟಕ್ಕೆ ನಿಲ್ಲದೆ ಮಜೂರಿಯ ಚರಿತ್ರೆಯನ್ನೂ ಅದರೊಡನೆ ಬರೆಯುವುದು ಅವಶ್ಯ.